ಕ್ಯಾಂಪರ್ ವ್ಯಾನ್‌ನಲ್ಲಿ ಯಾವ ಲೈನ್‌ಗೆ ಎಷ್ಟು ಆಂಪ್ಸ್ ಫ್ಯೂಸ್? ವೈರ್‌ನಿಂದ ಶುರು ಮಾಡಿ ಪೂರ್ತಿ ಲೆಕ್ಕ

ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಕ್ಯಾಂಪರ್ ಮಾಡಿಸೋರು ಈಗ ನಮ್ಮ ಕಡೆನೂ ಜಾಸ್ತಿ ಆಗಿದಾರೆ, ಹಾಸಿಗೆ, ಸಣ್ಣ ಕಿಚನ್, ಫ್ರಿಜ್, ಮೇಲೆ ಸೋಲಾರ್ ಎಲ್ಲಾ ಚೆನ್ನಾಗೇ ಮಾಡಿಸ್ತಾರೆ, ಆದ್ರೆ ಫ್ಯೂಸ್ ವಿಷಯ ಬಂದ ತಕ್ಷಣ "ಎಲ್ಲಕ್ಕೂ 20 ಹಾಕ್ಬಿಡಿ ಸಾರ್, ಏನೂ ಆಗಲ್ಲ" ಅಂತ ಮುಗಿಸ್ಬಿಡ್ತಾರೆ. ಸುತ್ತ ನೋಡಿದ್ರೆ ಪ್ಲೈವುಡ್, ಫೋಮ್, ಕರ್ಟನ್, ಅಡುಗೆ ಗ್ಯಾಸ್, ಅದರ ಮಧ್ಯೆ ಮನೆಮಂದಿ ಮಲಗಿರ್ತಾರೆ. ಹಂಗಾಗಿ ಈ ಒಂದು ವಿಷಯಕ್ಕೆ ಅರ್ಧ ದಿನ ಕೂತು ಪೇಪರ್ ಪೆನ್ನು ಹಿಡಿದು ಲೆಕ್ಕ ಹಾಕಿ ಅಂತ ನಾನು ಕಂಡೋರಿಗೆಲ್ಲಾ ಹೇಳ್ತಾ ಇರ್ತೀನಿ, ಆ ಲೆಕ್ಕನೇ ಇಲ್ಲಿ ಬರೀತಾ ಇದೀನಿ.

ಇಲ್ಲಿ ಹೇಳ್ತಿರೋದು 12 ವೋಲ್ಟ್ ಡಿಸಿ ಸೈಡ್ ಬಗ್ಗೆ. ಟಿಟಿ, ಬೊಲೆರೊ ತರದ ಗಾಡಿಗಳಲ್ಲಿ 12 ವೋಲ್ಟೇ ಇರೋದು, ದೊಡ್ಡ ಬಸ್ ಚಾಸಿ ತಗೊಂಡಿದ್ರೆ 24 ಇರತ್ತೆ, ಆಗ ಆಂಪ್ಸ್ ಅರ್ಧ ಆಗತ್ತೆ, ಮಿಕ್ಕಿದ್ದೆಲ್ಲಾ ಇದೇ.

ಮೊದಲು ತಲೇಲಿ ಕೂರಬೇಕಾದ ಮಾತು

ಫ್ಯೂಸ್ ಇರೋದು ವೈರ್ ಕಾಪಾಡೋಕೆ. ಫ್ರಿಜ್ ಕಾಪಾಡೋಕೆ, ಪಂಪ್ ಕಾಪಾಡೋಕೆ ಅಂದ್ಕೊಂಡು ಶುರು ಮಾಡಿದ್ರೆ ಪೂರ್ತಿ ಲೆಕ್ಕನೇ ತಪ್ಪೋಗತ್ತೆ. ಒಂದು ರೀಡಿಂಗ್ ಲೈಟ್ ತಗೊಳ್ಳಿ, ಅದು ಎಳೆಯೋದು ಕಾಲು ಆಂಪ್ಸ್, ಅದಕ್ಕೆ ಸಣ್ಣ 0.75 ಸ್ಕ್ವೇರ್ (ಸ್ಕ್ವೇರ್ ಎಂಎಂ, ವೈರ್ ಒಳಗಿನ ತಾಮ್ರದ ದಪ್ಪದ ಅಳತೆ) ವೈರ್ ಎಳೆದಿದಾರೆ, ಫ್ಯೂಸ್ ಮಾತ್ರ 30. ಆ ವೈರ್ ಬಾಡಿ ಶೀಟ್‌ನ ಅಂಚಿಗೆ ಉಜ್ಜಿ ಉಜ್ಜಿ ಅರ್ಧಂಬರ್ಧ ಶಾರ್ಟ್ ಆಗಿ 25 ಆಂಪ್ಸ್ ಎಳೆಯೋಕೆ ಶುರು ಮಾಡಿದ್ರೆ ಫ್ಯೂಸ್‌ಗೆ ಏನೂ ಅನ್ಸಲ್ಲ, 30 ತನಕ ಅದು ಸುಮ್ನೆ ಬಿಡತ್ತೆ, ಅಷ್ಟ್ರಲ್ಲಿ ಪ್ಯಾನಲ್ ಹಿಂದೆ ಇರೋ ವೈರ್ ಕಾದು ಪಿವಿಸಿ ಕರಗಿ ಪಕ್ಕದಲ್ಲಿರೋ ಫೋಮ್‌ಗೆ ಬೆಂಕಿ ತಗುಲತ್ತೆ.

ಇನ್ನೊಂದು ವಿಷಯ, 20 ಆಂಪ್ಸ್ ಫ್ಯೂಸ್ 20 ದಾಟಿದ ತಕ್ಷಣ ಹೋಗ್ಬಿಡತ್ತೆ ಅಂತ ತುಂಬಾ ಜನ ನಂಬಿದಾರೆ, ಹಂಗಿಲ್ಲ. ಗಾಡೀಲಿ ಬಳಸೋ ಬ್ಲೇಡ್ ಫ್ಯೂಸ್ (ಎರಡು ಕಾಲಿರೋ ಬಣ್ಣದ ಪ್ಲಾಸ್ಟಿಕ್ ಫ್ಯೂಸ್) ಶೇಕಡಾ 10 ಜಾಸ್ತಿ ಲೋಡ್‌ನಲ್ಲಿ, ಅಂದ್ರೆ 22 ಆಂಪ್ಸ್‌ನಲ್ಲಿ, 100 ಗಂಟೆ ಆದ್ರೂ ಹೋಗದೆ ಇರೋ ಹಂಗೇ ಮಾಡಿರ್ತಾರೆ. ಶೇಕಡಾ 35 ಜಾಸ್ತಿ, ಅಂದ್ರೆ 27 ಆಂಪ್ಸ್ ಹೋದ್ರೆ ಒಂದು ಸೆಕೆಂಡ್ ಒಳಗೂ ಹೋಗಬಹುದು, 10 ನಿಮಿಷ ತನಕ ತಗೊಂಡ್ರೂ ತಗೊಳ್ಳಬಹುದು. ಡಬಲ್ ಆದ್ರೆ 5 ಸೆಕೆಂಡ್ ಒಳಗೆ ಹೋಗತ್ತೆ. ಆ 10 ನಿಮಿಷನೂ ವೈರ್ ತಡ್ಕೋಬೇಕಲ್ವಾ, ಅದಕ್ಕೇ ವೈರ್ ಯಾವಾಗ್ಲೂ ಫ್ಯೂಸ್‌ಗಿಂತ ಗಟ್ಟಿ ಇರಬೇಕು.

ಹೆಜ್ಜೆ 1: ಯಾವ ಲೈನ್ ಎಷ್ಟು ಎಳೆಯತ್ತೆ ಬರ್ಕೊಳ್ಳಿ

ಪ್ರತಿ ಐಟಂ ಹಿಂದೆ ಸ್ಟಿಕ್ಕರ್ ಇರತ್ತೆ, ಅದ್ರಲ್ಲಿ ವ್ಯಾಟ್ಸ್ ಇದ್ರೆ 12ರಿಂದ ಭಾಗಿಸಿ, ಆಂಪ್ಸ್ ಬರತ್ತೆ. 3 ವ್ಯಾಟ್‌ನ ಎಲ್‌ಇಡಿ ಎಂಟು ಇದ್ರೆ 24 ವ್ಯಾಟ್, ಅಂದ್ರೆ 2 ಆಂಪ್ಸ್. ಯುಎಸ್‌ಬಿ ಫಾಸ್ಟ್ ಚಾರ್ಜಿಂಗ್ ಸಾಕೆಟ್ 36 ವ್ಯಾಟ್‌ದು ಎರಡು ಇದ್ರೆ 72 ವ್ಯಾಟ್, 6 ಆಂಪ್ಸ್, ಸಾಕೆಟ್ ಒಳಗಿನ ಲಾಸ್ ಸೇರಿಸಿ ಆರೂಮುಕ್ಕಾಲು ಇಟ್ಕೊಳ್ಳಿ. ವಾಟರ್ ಪಂಪ್‌ಗೆ ಸ್ಟಿಕ್ಕರ್ ಮೇಲೆ "ಮ್ಯಾಕ್ಸ್ 7 ಆಂಪ್ಸ್" ತರ ಇರತ್ತೆ, ಆ ಮ್ಯಾಕ್ಸೇ ತಗೋಬೇಕು, ನಲ್ಲಿ ಪೂರ್ತಿ ಬಿಟ್ಟಾಗ ಎಳೆಯೋ ಕಮ್ಮಿ ಆಂಪ್ಸ್ ತಗೋಬಾರದು.

ಮೋಟಾರು, ಕಂಪ್ರೆಸರ್ ಇರೋ ಐಟಂಗಳಲ್ಲಿ ವ್ಯಾಟ್ಸ್ ಮಾತ್ರ ನೋಡಿದ್ರೆ ಮೋಸ ಹೋಗ್ತೀರ, ಸ್ಟಾರ್ಟ್ ಆಗೋವಾಗ ಅವು ಜಾಸ್ತಿ ಎಳೀತವೆ. ಕ್ಯಾಂಪರ್ ಫ್ರಿಜ್‌ಗಳಲ್ಲಿ ಬಳಸೋ ಸೆಕಾಪ್ ಬಿಡಿ35ಎಫ್ ಕಂಪ್ರೆಸರ್ ಉದಾಹರಣೆ ತಗೊಳ್ಳಿ, ಮೊದಲು ಇದನ್ನ ಡ್ಯಾನ್‌ಫಾಸ್ ಅಂತ ಮಾರ್ತಿದ್ರು, ಓಡೋವಾಗ ಸುಮಾರು 4–5 ಆಂಪ್ಸ್ ಎಳೆಯತ್ತೆ, ಆದ್ರೆ ಕಂಪನಿ ಹೇಳೋ ಫ್ಯೂಸ್ 12 ವೋಲ್ಟ್‌ಗೆ 15 ಆಂಪ್ಸ್, 24 ವೋಲ್ಟ್‌ಗೆ 7.5. ಇಂಥ ಕಡೆ ನಮ್ಮ ಲೆಕ್ಕ ಪಕ್ಕಕ್ಕಿಟ್ಟು ಮ್ಯಾನ್ಯುಯಲ್‌ನಲ್ಲಿ ಇರೋ ಫ್ಯೂಸೇ ಹಾಕ್ಬೇಕು, ಆಮೇಲೆ ಆ ಫ್ಯೂಸ್‌ಗೆ ತಕ್ಕ ವೈರ್ ಎಳೀಬೇಕು.

ಹೆಜ್ಜೆ 2: ವೈರ್ ಸೈಜ್, ಇದ್ರಲ್ಲೇ ಅರ್ಧ ಕೆಲಸ ಇರೋದು

ಅಂಗಡೀಲಿ 2.5 ಸ್ಕ್ವೇರ್ ವೈರ್ ಕೇಳಿದ್ರೆ ಕೇಟಲಾಗ್ ತೋರಿಸಿ 20–22 ಆಂಪ್ಸ್ ತಡಿಯತ್ತೆ ಅಂತಾರೆ, ಅದು ಸುಳ್ಳಲ್ಲ, ಆದ್ರೆ ಆ ನಂಬರ್ ಸಾಮಾನ್ಯವಾಗಿ 30 ಡಿಗ್ರಿ ತರದ ಟೆಂಪರೇಚರ್‌ಗೆ ಕೊಟ್ಟಿರ್ತಾರೆ. ಏಪ್ರಿಲ್‌ನಲ್ಲಿ ರಾಯಚೂರು ಕಡೆ ಹೊರಗೇ 40 ದಾಟಿರತ್ತೆ, ಬಿಸಿಲಲ್ಲಿ ನಿಂತ ವ್ಯಾನ್‌ನ ರೂಫ್ ಪ್ಯಾನಲ್ ಒಳಗೆ 50–60 ಸಲೀಸಾಗಿ ಆಗತ್ತೆ. 70 ಡಿಗ್ರಿ ಪಿವಿಸಿ ವೈರ್ ಅನ್ನ 50 ಡಿಗ್ರೀಲಿ ಬಳಸೋವಾಗ 0.71ರಿಂದ ಗುಣಿಸ್ಬೇಕು, 60 ಡಿಗ್ರೀಲಿ 0.5ರಿಂದ. ಅಂದ್ರೆ 22 ಅಂತ ಹೇಳಿದ್ದು 50 ಡಿಗ್ರೀಲಿ ಹದಿನೈದೂವರೆ ಆಗೋಯ್ತು, 60ರಲ್ಲಿ 11! ಇದರ ಮೇಲೆ ಒಂದೇ ಪೈಪ್‌ನಲ್ಲಿ ಲೋಡ್ ಇರೋ ಮೂರು ಲೈನ್ ತುರುಕಿದ್ರೆ ಮತ್ತೆ 0.7.

ಹಂಗಾಗಿ ನಮ್ಮ ಬಿಸಿಲಿಗೆ ನಾನು ಇಟ್ಕೊಂಡಿರೋ ಲೆಕ್ಕ ಹಿಂಗಿದೆ, ಕಾಪರ್ ವೈರ್, ಪಿವಿಸಿ, ವ್ಯಾನ್ ಒಳಗೆ 50 ಡಿಗ್ರಿ ತನಕ. 1 ಸ್ಕ್ವೇರ್‌ಗೆ ಜಾಸ್ತಿ ಅಂದ್ರೆ 7.5 ಆಂಪ್ಸ್ ಫ್ಯೂಸ್, 1.5ಕ್ಕೆ 10, 2.5ಕ್ಕೆ 15, 4ಕ್ಕೆ 20, 6ಕ್ಕೆ 25, 10ಕ್ಕೆ 40, 16ಕ್ಕೆ 60. ಬೇರೆ ಚಾರ್ಟ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಕಾಣಿಸತ್ತೆ, 105 ಡಿಗ್ರಿ ಇನ್ಸುಲೇಶನ್ ಇರೋ ವೈರ್ ಆದ್ರೆ ಆ ಜಾಸ್ತಿ ನಂಬರ್ ಸರಿಯಾಗೇ ಇರತ್ತೆ. ಆದ್ರೆ ಮಾಮೂಲಿ ಹೌಸ್ ವೈರಿಂಗ್ ಎಫ್‌ಆರ್ (ಬೆಂಕಿ ಬೇಗ ಹರಡದ ಪಿವಿಸಿ) ವೈರ್ ತಂದು ಓಡಿಸೋರು ದಯವಿಟ್ಟು ಇದಕ್ಕಿಂತ ಮೇಲೆ ಹೋಗ್ಬೇಡಿ, ರೂಫ್‌ನಲ್ಲಿ 60 ಆಗೋ ಕಡೆ ಇನ್ನೂ ಇಳಿಸ್ಬೇಕು.

ಇನ್ನು ವೋಲ್ಟೇಜ್ ಡ್ರಾಪ್. ಮನೇಲಿ 230 ವೋಲ್ಟ್ ಇರೋ ಕಡೆ ಅರ್ಧ ವೋಲ್ಟ್ ಹೋದ್ರೆ ಗೊತ್ತೇ ಆಗಲ್ಲ, 12ರಲ್ಲಿ ಅರ್ಧ ವೋಲ್ಟ್ ಹೋದ್ರೆ ಫ್ರಿಜ್ ನಿಂತೋಗಲೂಬಹುದು. ಲೆಕ್ಕ ಸುಲಭ: ಬ್ಯಾಟರಿಯಿಂದ ಐಟಂವರೆಗಿನ ಮೀಟರ್ × 2 × ಆಂಪ್ಸ್ × 0.0175 ÷ ವೈರ್ ಸ್ಕ್ವೇರ್. ಎರಡರಿಂದ ಗುಣಿಸೋದು ಯಾಕಂದ್ರೆ ಪ್ಲಸ್ ಹೋಗಿ ನೆಗೆಟಿವ್ ವಾಪಸ್ ಬರಬೇಕು. ಫ್ರಿಜ್ 5 ಮೀಟರ್ ದೂರ ಇದೆ, 5 ಆಂಪ್ಸ್, 2.5 ಸ್ಕ್ವೇರ್ ಅಂದ್ರೆ 5 × 2 × 5 × 0.0175 ÷ 2.5, 0.35 ವೋಲ್ಟ್ ಬರತ್ತೆ. 12ಕ್ಕೆ ಇದು ಹತ್ತತ್ರ ಶೇಕಡಾ 3, ಪುಸ್ತಕದ ಪ್ರಕಾರ ಪಾಸ್. ಆದ್ರೆ ಕಂಪ್ರೆಸರ್ ಎದ್ದೇಳೋ ಹೊತ್ತಲ್ಲಿ ಆಂಪ್ಸ್ ಡಬಲ್ ಆದ್ರೆ ಡ್ರಾಪೂ ಡಬಲ್, ಬೆಳಗಿನ ಜಾವ ಬ್ಯಾಟರಿ ಇಳಿದಿರೋವಾಗ ಆ 0.7 ಸಾಕು ಲೋ ವೋಲ್ಟೇಜ್ ಕಟ್ ಆಗೋಕೆ. ಇದಕ್ಕೇ ಆ ಕಂಪ್ರೆಸರ್ ಮ್ಯಾನ್ಯುಯಲ್‌ನಲ್ಲಿ 12 ವೋಲ್ಟ್‌ಗೆ 2.5 ಸ್ಕ್ವೇರ್ ವೈರ್ ಎರಡೂವರೆ ಮೀಟರ್ ತನಕ ಮಾತ್ರ, 4 ಸ್ಕ್ವೇರ್ 4 ಮೀಟರ್, 6 ಸ್ಕ್ವೇರ್ 6 ಮೀಟರ್ ಅಂತ ಬರೆದಿದಾರೆ. ಫ್ರಿಜ್ ಹಾಳಾಗಿದೆ ಅಂತ ಮೆಕ್ಯಾನಿಕ್ ಹತ್ರ ಹೊತ್ಕೊಂಡು ಹೋಗೋ ಮುಂಚೆ ಒಂದ್ಸಲ ವೈರ್ ಸೈಜ್ ನೋಡಿ, ತುಂಬಾ ಕೇಸ್‌ಗಳಲ್ಲಿ ತಪ್ಪು ಅಲ್ಲೇ ಇರತ್ತೆ.

ವೈರ್ ತಗೊಳ್ಳೋವಾಗ ಕಾರ್ ಆಡಿಯೋ ಅಂಗಡೀಲಿ ಸಿಗೋ ದಪ್ಪ ಕೇಬಲ್‌ಗಳ ಬಗ್ಗೆ ಹುಷಾರು, ಅವುಗಳಲ್ಲಿ ತುಂಬಾ ಕೇಬಲ್ ಸಿಸಿಎ, ಅಂದ್ರೆ ಅಲ್ಯೂಮಿನಿಯಂ ಮೇಲೆ ತಾಮ್ರದ ಪದರ. ಅದೇ ದಪ್ಪ ಇದ್ರೂ ಕಾಪರ್‌ನಷ್ಟು ಕರೆಂಟ್ ತಡಿಯಲ್ಲ. ಒಂದು ಎಳೆ ತಗೊಂಡು ಬ್ಲೇಡ್‌ನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ವಾಪಸ್ ಕೊಟ್ಬಿಡಿ.

ಹೆಜ್ಜೆ 3: ಈಗ ಫ್ಯೂಸ್ ನಂಬರ್

ನಿಯಮ ಒಂದೇ: ಲೋಡ್‌ನ 1.25ರಿಂದ ಗುಣಿಸಿ, ಅದರ ಮೇಲಿನ ಮೊದಲನೇ ಸೈಜ್ ಫ್ಯೂಸ್ ತಗೊಳ್ಳಿ, ಅದು ವೈರ್‌ನ ಲಿಮಿಟ್ ದಾಟಬಾರದು. ದಾಟಿದ್ರೆ ವೈರ್ ದಪ್ಪ ಮಾಡಿ, ಫ್ಯೂಸ್ ಇಳಿಸಿ ಅಡ್ಜಸ್ಟ್ ಮಾಡೋಕೆ ಹೋದ್ರೆ ಸುಮ್ಸುಮ್ನೆ ಹೋಗ್ತಾ ಇರತ್ತೆ. ತುಂಬಾ ಹೊತ್ತು ಓಡೋ ಲೋಡ್ ಫ್ಯೂಸ್‌ನ ಶೇಕಡಾ 80 ದಾಟಬಾರದು ಅನ್ನೋದೇ ಆ 1.25ರ ಹಿಂದಿರೋ ಕಾರಣ.

ಲೈಟ್‌ಗಳು 2 ಆಂಪ್ಸ್, ಗುಣಿಸಿದ್ರೆ 2.5, ಫ್ಯೂಸ್ 3 ಬರತ್ತೆ, ವೈರ್ 1 ಸ್ಕ್ವೇರ್, ಅದು 7.5 ತನಕ ತಡಿಯೋದ್ರಿಂದ 5 ಹಾಕಿದ್ರೂ ತಪ್ಪಿಲ್ಲ. ಪಂಪ್ 7, ಗುಣಿಸಿದ್ರೆ ಎಂಟೂಮುಕ್ಕಾಲು, ಫ್ಯೂಸ್ 10, ವೈರ್ 2.5. ಯುಎಸ್‌ಬಿ ಎಂಟೂವರೆ ಹತ್ರ ಬರತ್ತೆ, 10, ವೈರ್ 1.5. ಫ್ರಿಜ್ 15, ವೈರ್ ದೂರ ನೋಡಿ 4 ಅಥವಾ 6, ಇಲ್ಲಿ ವೈರ್ ದಪ್ಪ ಇದೆ ಅಂತ ಫ್ಯೂಸ್ 25 ಮಾಡೋ ಅಗತ್ಯ ಇಲ್ಲ, ಯಾಕಂದ್ರೆ ಫ್ರಿಜ್ ಒಳಗೂ ಸಣ್ಣ ವೈರ್ ಇರತ್ತಲ್ಲ. ರೂಫ್ ಫ್ಯಾನ್ ಸಾಮಾನ್ಯವಾಗಿ 3 ಆಂಪ್ಸ್ ಆಸುಪಾಸು, 5 ಸಾಕು.

ಈ ಎಲ್ಲಾ ಸಣ್ಣ ಫ್ಯೂಸ್ ಕೂರೋ ಬಾಕ್ಸ್‌ಗೆ ಬ್ಯಾಟರಿಯಿಂದ ಒಂದು ಮೇನ್ ಲೈನ್ ಬರತ್ತಲ್ಲ, ಅದಕ್ಕೆ 5 + 10 + 10 + 15 + 5 ಕೂಡಿಸಿ 45 ಅಂತ ಫ್ಯೂಸ್ ಹುಡ್ಕೊಂಡು ಹೋಗ್ತಾರೆ, ಹಂಗೆ ಮಾಡ್ಬೇಕಿಲ್ಲ. ಒಟ್ಟಿಗೆ ಎಲ್ಲಾ ಓಡಿದಾಗ ನಿಜವಾಗಿ ಎಷ್ಟು ಎಳೆಯತ್ತೆ ನೋಡಿ, ಇಲ್ಲಿ ಸುಮಾರು 25, ಗುಣಿಸಿದ್ರೆ 31, ಹಂಗಾಗಿ 40 ಆಂಪ್ಸ್ ಫ್ಯೂಸ್, 10 ಸ್ಕ್ವೇರ್ ವೈರ್. ಮೇನ್ ಫ್ಯೂಸ್ ಕೆಳಗಿನ ದೊಡ್ಡ ಫ್ಯೂಸ್‌ನ ಡಬಲ್‌ಗಿಂತ ಜಾಸ್ತಿ ಇದ್ರೆ ಒಳ್ಳೇದು, ಪಂಪ್ ಲೈನ್‌ನಲ್ಲಿ ತೊಂದ್ರೆ ಆದ್ರೆ ಪಂಪ್ ಫ್ಯೂಸ್ ಮಾತ್ರ ಹೋಗತ್ತೆ, ಇಡೀ ವ್ಯಾನ್ ಕತ್ತಲಾಗಲ್ಲ.

ಬ್ಲೇಡ್ ಫ್ಯೂಸ್ ಬಣ್ಣ ಎಲ್ಲಾ ಕಂಪನೀಲೂ ಒಂದೇ, ನೇರಳೆ 3, ತಿಳಿ ಕಂದು 5, ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣ ಇಲ್ಲದ್ದು 25, ಹಸಿರು 30. ಬಾಕ್ಸ್ ಮುಚ್ಚಳದ ಒಳಗೆ ಯಾವ ಜಾಗದಲ್ಲಿ ಯಾವ ಬಣ್ಣ ಅಂತ ಮಾರ್ಕರ್‌ನಲ್ಲಿ ಬರೆದಿಡಿ, ರಾತ್ರಿ ಟಾರ್ಚ್ ಹಿಡಿದು ಬೇರೆ ಯಾರಾದ್ರೂ ಬದಲಾಯಿಸೋವಾಗ ಅದೇ ಗತಿ.

ಹೆಜ್ಜೆ 4: ಬ್ಯಾಟರಿ ಮತ್ತೆ ಇನ್ವರ್ಟರ್, ಇಲ್ಲಿ ಆಂಪ್ಸ್ ಜೊತೆ ಇನ್ನೊಂದು ನಂಬರ್ ನೋಡ್ಬೇಕು

ಇನ್ವರ್ಟರ್ 1000 ವ್ಯಾಟ್ ಅಂದ್ರೆ 12ರಿಂದ ಭಾಗಿಸಿದ್ರೆ 83, ಆದ್ರೆ ಅದೇ ಸ್ವಲ್ಪ ತಿನ್ನತ್ತೆ, ಬ್ಯಾಟರಿ ವೋಲ್ಟೇಜೂ ಇಳಿಯತ್ತೆ, ಹಂಗಾಗಿ 100 ಆಂಪ್ಸ್ ಅಂತ್ಲೇ ಇಟ್ಕೊಳ್ಳಿ. 1.25ರಿಂದ ಗುಣಿಸಿದ್ರೆ 125 ಆಂಪ್ಸ್ ಫ್ಯೂಸ್, 105 ಡಿಗ್ರಿ ಇನ್ಸುಲೇಶನ್ ಇರೋ 35 ಸ್ಕ್ವೇರ್ ಬ್ಯಾಟರಿ ಕೇಬಲ್, ಉದ್ದ ಎಷ್ಟು ಕಮ್ಮಿ ಅಷ್ಟು ಒಳ್ಳೇದು. ಇಂಡಕ್ಷನ್ ಸ್ಟೌ ಬೇಕು ಅಂತ 2000 ವ್ಯಾಟ್‌ಗೆ ಹೋದ್ರೆ 250 ಆಂಪ್ಸ್ ಫ್ಯೂಸ್, 70 ಸ್ಕ್ವೇರ್ ಕೇಬಲ್, ಬ್ಯಾಟರಿಯ ಬಿಎಂಎಸ್ (ಲಿಥಿಯಂ ಬ್ಯಾಟರಿ ಒಳಗೆ ಕೂತು ಅದನ್ನ ಕಾಯೋ ಸರ್ಕ್ಯೂಟ್) ಕೂಡ 200 ಆಂಪ್ಸ್ ಕೊಡೋ ಹಂಗಿರಬೇಕು, ಸಾಮಾನ್ಯ 100 ಎಎಚ್ ಬ್ಯಾಟರಿ ಒಂದ್ರಲ್ಲಿ ಅದು ಆಗಲ್ಲ. ಇಷ್ಟು ದೊಡ್ಡ ಲೋಡ್ ಬೇಕು ಅನ್ನೋರು 24 ವೋಲ್ಟ್ ಬಗ್ಗೆ ಯೋಚ್ನೆ ಮಾಡಿ ಅಂತ್ಲೇ ನನ್ನ ಅಭಿಪ್ರಾಯ.

ಈಗ ಆ ಇನ್ನೊಂದು ನಂಬರ್. ಪ್ರತಿ ಫ್ಯೂಸ್‌ಗೂ ಶಾರ್ಟ್ ಆದಾಗ ಎಷ್ಟು ಕರೆಂಟ್ ತನಕ ಸೇಫಾಗಿ ಕಟ್ ಮಾಡಬಹುದು ಅಂತ ಒಂದು ಲಿಮಿಟ್ ಇದೆ, ಡಾಟಾ ಶೀಟ್‌ನಲ್ಲಿ ಎಐಸಿ ಅಥವಾ ಇಂಟರಪ್ಟಿಂಗ್ ರೇಟಿಂಗ್ ಅಂತ ಇರತ್ತೆ. ಬ್ಲೇಡ್ ಫ್ಯೂಸ್‌ಗೆ ಅದು 1000 ಆಂಪ್ಸ್, ಮೆಗಾ ಫ್ಯೂಸ್‌ಗೆ 2000, ಎಎನ್‌ಎಲ್‌ಗೆ 6000, ಬ್ಯಾಟರಿ ಟರ್ಮಿನಲ್ ಮೇಲೇ ಕೂರೋ ಎಂಆರ್‌ಬಿಎಫ್‌ಗೆ 12 ವೋಲ್ಟ್‌ನಲ್ಲಿ 10,000, ಕ್ಲಾಸ್ ಟಿ ಫ್ಯೂಸ್‌ಗೆ 20,000. ಲಿಥಿಯಂ ಬ್ಯಾಟರಿ, ಕೇಬಲ್ ಎಲ್ಲಾ ಸೇರಿ ರೆಸಿಸ್ಟೆನ್ಸ್ 4 ಮಿಲಿ ಓಮ್ ಇದೆ ಅಂದ್ಕೊಳ್ಳಿ, 13 ವೋಲ್ಟ್ ÷ 0.004, 3250 ಆಂಪ್ಸ್! ಎರಡು ಬ್ಯಾಟರಿ ಪ್ಯಾರಲಲ್ ಆದ್ರೆ ಇನ್ನೂ ಮೇಲೆ. ಅಷ್ಟು ಕರೆಂಟ್‌ನಲ್ಲಿ ಬ್ಲೇಡ್ ಅಥವಾ ಮೆಗಾ ಫ್ಯೂಸ್ ಎಲಿಮೆಂಟ್ ಕರಗತ್ತೆ ನಿಜ, ಆದ್ರೆ ಗ್ಯಾಪ್‌ನಲ್ಲಿ ಆರ್ಕ್ (ಗಾಳೀಲಿ ಹಾರೋ ಕಿಡಿ) ನಿಂತ್ಕೊಂಡು ಕರೆಂಟ್ ಹರೀತಾನೇ ಇರಬಹುದು, ಫ್ಯೂಸ್ ಸಿಡಿಯಲೂಬಹುದು. ಬಿಎಂಎಸ್ ಇದೆಯಲ್ಲ ಅಂತಾರೆ, ಬಿಎಂಎಸ್ ಒಳಗಿನ ಮಾಸ್‌ಫೆಟ್‌ಗಳು (ಎಲೆಕ್ಟ್ರಾನಿಕ್ ಸ್ವಿಚ್‌ಗಳು) ಸುಟ್ಟಾಗ ಶಾರ್ಟ್ ಆಗೇ ನಿಲ್ಲೋದೂ ಉಂಟು, ಅದನ್ನ ನಂಬ್ಕೊಂಡು ಫ್ಯೂಸ್ ಬಿಡಬಾರದು. ಲಿಥಿಯಂ ಬ್ಯಾಟರಿ ಪ್ಲಸ್‌ನಿಂದ ಹೊರಡೋ ಮೊದಲ ಫ್ಯೂಸ್ ಎಂಆರ್‌ಬಿಎಫ್ ಅಥವಾ ಕ್ಲಾಸ್ ಟಿ ಆಗಿರಲಿ, ಸ್ವಲ್ಪ ದುಡ್ಡಾಗತ್ತೆ, ಹುಡುಕಿ ತರಿಸ್ಬೇಕಾಗತ್ತೆ, ಆದ್ರೂ ಇಲ್ಲಿ ಮಾತ್ರ ಕಾಂಪ್ರಮೈಸ್ ಬೇಡ. ಅದಾದ್ಮೇಲೆ ಮುಂದಿನ ಲೈನ್‌ಗಳಿಗೆ ಮಿಡಿ (ಮೆಗಾಗಿಂತ ಚಿಕ್ಕ ಬೋಲ್ಟ್ ಫ್ಯೂಸ್), ಮೆಗಾ ಬಳಸಬಹುದು.

ವೋಲ್ಟೇಜ್ ರೇಟಿಂಗೂ ನೋಡಿ. ಮಾಮೂಲಿ ಬ್ಲೇಡ್ ಫ್ಯೂಸ್ 32 ವೋಲ್ಟ್ ಡಿಸಿ ತನಕ, 12ಕ್ಕೂ 24ಕ್ಕೂ ನಡಿಯತ್ತೆ, 48 ವೋಲ್ಟ್ ಸಿಸ್ಟಮ್‌ಗೆ ನಡಿಯಲ್ಲ.

ಮನೆ ಎಂಸಿಬಿ ತಂದು ಬ್ಯಾಟರಿ ಲೈನ್‌ಗೆ ಹಾಕೋ ಅಭ್ಯಾಸ ನಮ್ಮ ಕಡೆ ಜಾಸ್ತಿ ಇದೆ, ಅದು ಅಪಾಯ. ನಮ್ಮ 50 ಹರ್ಟ್ಸ್ ಎಸಿ ಸೆಕೆಂಡ್‌ಗೆ 100 ಸಲ ಸೊನ್ನೆಗೆ ಬರತ್ತೆ, ಆಗ ಆರ್ಕ್ ತಾನೇ ಆರೋಗತ್ತೆ, ಎಸಿ ಎಂಸಿಬಿ ಮಾಡಿರೋದೇ ಅದನ್ನ ನಂಬಿ. ಡಿಸಿ ಯಾವತ್ತೂ ಸೊನ್ನೆಗೆ ಬರಲ್ಲ. ಬೇಕೇ ಬೇಕು ಅಂದ್ರೆ ಡಿಸಿ ಅಂತ ಬರೆದಿರೋ ಎಂಸಿಬಿ ತಗೊಳ್ಳಿ, ಅದರ ಮೇಲೆ ಪ್ಲಸ್ ಮೈನಸ್ ಗುರುತು ಇದ್ರೆ ಅದೇ ದಿಕ್ಕಲ್ಲಿ ಕನೆಕ್ಟ್ ಮಾಡ್ಬೇಕು.

ಹೆಜ್ಜೆ 5: ಎಲ್ಲಿ ಕೂರಿಸ್ಬೇಕು

ಕರೆಂಟ್ ಎಲ್ಲಿಂದ ಬರತ್ತೋ ಆ ತುದೀಲಿ. ಫ್ಯೂಸ್‌ಗೂ ಬ್ಯಾಟರಿಗೂ ಮಧ್ಯೆ ಇರೋ ವೈರ್‌ಗೆ ಯಾವ ಕಾವಲೂ ಇಲ್ಲ, ಆ ತುಂಡು ಎಷ್ಟು ಚಿಕ್ಕದಿದ್ರೆ ಅಷ್ಟು ಕ್ಷೇಮ. ಬೋಟ್‌ಗಳಿಗೆ ಎಬಿವೈಸಿ ಅನ್ನೋ ಅಮೆರಿಕದ ಸಂಸ್ಥೆಯ ನಿಯಮ 7 ಇಂಚು, ವ್ಯಾನ್‌ಗೂ ಅದನ್ನೇ ಇಟ್ಕೊಂಡ್ರೆ ಸರಿಹೋಗತ್ತೆ. ಇನ್ನೊಂದು, ದಪ್ಪ ವೈರ್‌ನಿಂದ ಸಣ್ಣ ವೈರ್ ಕವಲೊಡೆಯೋ ಪ್ರತಿ ಜಾಗದಲ್ಲೂ ಆ ಸಣ್ಣ ವೈರ್‌ಗೆ ತಕ್ಕ ಹೊಸ ಫ್ಯೂಸ್ ಬೇಕು. ಫ್ರಿಜ್‌ನ 15 ಆಂಪ್ಸ್ ಲೈನ್ ಮಧ್ಯದಲ್ಲಿ ಕಿತ್ತು ಒಂದು ಸಣ್ಣ ಲೈಟ್ ವೈರ್ ಜೋಡಿಸಿದ್ರೆ ಆ ಲೈಟ್ ವೈರ್‌ಗೂ 15 ಆಂಪ್ಸೇ ಕಾವಲು, ಅಂದ್ರೆ ಕಾವಲೇ ಇಲ್ಲದ ಹಾಗೆ.

ಇಂಜಿನ್ ಆಲ್ಟರ್ನೇಟರ್‌ನಿಂದ ಮನೆ ಬ್ಯಾಟರಿ (ವ್ಯಾನ್ ಒಳಗಿನ ಲೈಟು, ಫ್ರಿಜ್‌ಗೆ ಅಂತ ಇರೋ ಬ್ಯಾಟರಿ) ಚಾರ್ಜ್ ಮಾಡೋ ಡಿಸಿ–ಡಿಸಿ ಚಾರ್ಜರ್ ಇದ್ರೆ ಎರಡು ಫ್ಯೂಸ್ ಬೇಕು, ಎರಡೂ ಕಡೆ ಬ್ಯಾಟರಿ ಇದೆಯಲ್ಲ. 30 ಆಂಪ್ಸ್ ಚಾರ್ಜರ್ ಔಟ್‌ಪುಟ್‌ಗೆ ಮನೆ ಬ್ಯಾಟರಿ ಹತ್ರ 40, 10 ಸ್ಕ್ವೇರ್ ವೈರ್. ಇನ್‌ಪುಟ್ ಸೈಡ್ ಜಾಸ್ತಿ ಎಳೆಯತ್ತೆ, ಕಮ್ಮಿ ವೋಲ್ಟೇಜ್ ತಗೊಂಡು ಜಾಸ್ತಿ ವೋಲ್ಟೇಜ್ ಕೊಡೋವಾಗ 40 ತನಕ ಹೋಗಬಹುದು, ಅದಕ್ಕೆ ಇಂಜಿನ್ ಬ್ಯಾಟರಿ ಹತ್ರ 50, 16 ಸ್ಕ್ವೇರ್, ಚಾರ್ಜರ್ ಮ್ಯಾನ್ಯುಯಲ್‌ನಲ್ಲಿ 60 ಅಂದಿದ್ರೆ 60.

ಸೋಲಾರ್‌ಗೆ, 30 ಆಂಪ್ಸ್ ಎಂಪಿಪಿಟಿಯಿಂದ (ಸೋಲಾರ್ ಚಾರ್ಜ್ ಕಂಟ್ರೋಲರ್) ಬ್ಯಾಟರಿಗೆ 40 ಆಂಪ್ಸ್ ಫ್ಯೂಸ್, ಅದೂ ಬ್ಯಾಟರಿ ತುದೀಲೇ. ಪ್ಯಾನಲ್ ಕಡೆ ಒಂದು ಅಥವಾ ಎರಡು ಪ್ಯಾರಲಲ್ ಇದ್ರೆ ಫ್ಯೂಸ್ ಬೇಕಿಲ್ಲ, ಮೂರು ಅಥವಾ ಜಾಸ್ತಿ ಪ್ಯಾರಲಲ್ ಆದ್ರೆ ಪ್ರತಿಯೊಂದಕ್ಕೂ ಬೇಕು, ಜಾಸ್ತಿ ಎಷ್ಟು ಹಾಕಬಹುದು ಅಂತ ಪ್ಯಾನಲ್ ಹಿಂದೆ "ಮ್ಯಾಕ್ಸ್ ಸೀರೀಸ್ ಫ್ಯೂಸ್" ಅಂತ ಬರೆದಿರತ್ತೆ.

ಹೆಜ್ಜೆ 6: ಸಾಮಾನು ತರೋವಾಗ, ಜೋಡಿಸೋವಾಗ

ಬೆಂಗಳೂರಲ್ಲಿದ್ರೆ ಜೆಸಿ ರೋಡ್, ಎಸ್‌ಪಿ ರೋಡ್‌ನಲ್ಲಿ ಮಾಮೂಲಿ ಫ್ಯೂಸ್ ಎಲ್ಲಾ ಸಿಗತ್ತೆ, ಅದರ ಜೊತೆ ಪ್ಯಾಕೆಟ್ ಲೆಕ್ಕದಲ್ಲಿ ಸಿಗೋ ಹೆಸರಿಲ್ಲದ ಅಗ್ಗದ ಫ್ಯೂಸೂ ಸಿಗತ್ತೆ, ಅವುಗಳಲ್ಲಿ ಡಬಲ್ ಲೋಡ್ ಹೋದ್ರೂ ಹೋಗದೆ ಪ್ಲಾಸ್ಟಿಕ್ ಕರಗೋವೂ ಇವೆ. ಲಿಟ್ಲ್‌ಫ್ಯೂಸ್, ಬಸ್‌ಮನ್ ತರ ಡಾಟಾ ಶೀಟ್ ಇರೋ ಕಂಪನೀದು, ಅದೂ ನಂಬಿಕೆ ಇರೋ ಅಂಗಡೀಲಿ ತಗೊಳ್ಳಿ. ಇನ್‌ಲೈನ್ ಫ್ಯೂಸ್ ಹೋಲ್ಡರ್ ಬಾಲದ ವೈರ್ ನೋಡಿ, ಮೇಲೆ 30 ಆಂಪ್ಸ್ ಅಂತ ಬರೆದು ಒಂದೂಕಾಲು ಸ್ಕ್ವೇರ್ ವೈರ್ ಕೊಟ್ಟಿರ್ತಾರೆ, ಆಗ ಆ ಲೈನ್‌ನ ವೀಕ್ ಪಾಯಿಂಟ್ ಅದೇ ಆಗೋಯ್ತು.

ಲೂಸ್ ಕನೆಕ್ಷನ್‌ನಿಂದ ಯಾವ ಫ್ಯೂಸೂ ಕಾಪಾಡಲ್ಲ, ಇದನ್ನ ನೆನಪಿಟ್ಕೊಳ್ಳಿ. 10 ಆಂಪ್ಸ್ ಲೈನ್‌ನಲ್ಲಿ ಕರೆಂಟ್ 8 ಇದ್ರೂ ಸಡಿಲ ಲಗ್ (ವೈರ್ ತುದೀಲಿ ಹಾಕೋ ಲೋಹದ ಕೊಂಡಿ) ಒಂದು ಕೆಂಪಗೆ ಕಾಯಬಹುದು, ಫ್ಯೂಸ್ ಪ್ರಕಾರ ಎಲ್ಲಾ ಸರಿಯಾಗೇ ಇರತ್ತೆ. ಟ್ವಿಸ್ಟ್ ಮಾಡಿ ಟೇಪ್ ಸುತ್ತೋದು ಬೇಡ, ಕ್ರಿಂಪ್ ಲಗ್ ಹಾಕಿ, ಹಿಡಿದು ಜೋರಾಗಿ ಎಳೆದು ನೋಡಿ. ಶಿರಾಡಿ ಘಾಟ್ ಒಂದ್ಸಲ ಇಳಿದು ಹತ್ತಿದ್ರೆ ಬ್ಯಾಟರಿ ಬೋಲ್ಟ್‌ಗಳನ್ನ ಮತ್ತೆ ಟೈಟ್ ಮಾಡಿ ನೋಡೋದು ಒಳ್ಳೇದು, ಗೋಕರ್ಣ, ಕಾರವಾರ ಕಡೆ ಜಾಸ್ತಿ ಇರೋರು ಟರ್ಮಿನಲ್‌ನಲ್ಲಿ ಹಸಿರು ಕಟ್ಟಿದೆಯಾ ಅಂತ ಕೂಡ ನೋಡಿ.

ಹೆಜ್ಜೆ 7: ಚೆಕ್ ಮಾಡೋದು

ಎಲ್ಲಾ ಜೋಡಿಸಿದ್ಮೇಲೆ ಒಂದೊಂದೇ ಲೈನ್ ಫುಲ್ ಲೋಡ್‌ನಲ್ಲಿ ಅರ್ಧ ಗಂಟೆ ಓಡಿಸಿ. ಕ್ಲ್ಯಾಂಪ್ ಮೀಟರ್‌ನಲ್ಲಿ ನಿಜವಾದ ಆಂಪ್ಸ್ ನೋಡಿ, ಆದ್ರೆ ಅಗ್ಗದ ಕ್ಲ್ಯಾಂಪ್ ಮೀಟರ್‌ಗಳಲ್ಲಿ ತುಂಬಾ ಮೀಟರ್ ಎಸಿ ಕರೆಂಟ್ ಮಾತ್ರ ತೋರಿಸೋದು, ಡಿಸಿ ಆಂಪ್ಸ್ ಇದೆಯಾ ಅಂತ ಕೇಳಿ ತಗೊಳ್ಳಿ. ಆಮೇಲೆ ಹೋಲ್ಡರ್, ಲಗ್, ವೈರ್ ಮೇಲೆ ಹುಷಾರಾಗಿ ಕೈ ಇಟ್ಟು ನೋಡಿ, ಬೆಚ್ಚಗಿದ್ರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಬಿಸಿ ಇದ್ರೆ ಅಲ್ಲಿ ಬಿಚ್ಚಿ ಮತ್ತೆ ಮಾಡ್ಬೇಕು. ಫ್ರಿಜ್ ಓಡ್ತಿರೋವಾಗ ಬ್ಯಾಟರಿ ಹತ್ರ ಒಂದ್ಸಲ, ಫ್ರಿಜ್ ಪ್ಲಗ್ ಹತ್ರ ಒಂದ್ಸಲ ವೋಲ್ಟೇಜ್ ಅಳೆದು ನೋಡಿ, ವ್ಯತ್ಯಾಸ 0.4ಕ್ಕಿಂತ ಜಾಸ್ತಿ ಬಂದ್ರೆ ವೈರ್ ಸಣ್ಣದಾಯ್ತು ಅಥವಾ ಎಲ್ಲೋ ಜಾಯಿಂಟ್ ಕೆಟ್ಟಿದೆ.

ದಾರೀಲಿ ಫ್ಯೂಸ್ ಹೋದ್ರೆ ಅದೇ ಆಂಪ್ಸ್‌ದು ಒಂದೇ ಒಂದ್ಸಲ ಹಾಕಿ ನೋಡಿ. ಅದೂ ಹೋಯ್ತು ಅಂದ್ರೆ ಆ ಲೈನ್ ಬಿಟ್ಬಿಡಿ, ಐಟಂ ಡಿಸ್‌ಕನೆಕ್ಟ್ ಮಾಡಿ ಮತ್ತೆ ಹಾಕಿ, ಈಗ ನಿಂತ್ರೆ ತೊಂದ್ರೆ ಐಟಂದು, ಆಗ್ಲೂ ಹೋದ್ರೆ ವೈರ್ ಎಲ್ಲೋ ಬಾಡಿಗೆ ತಾಗ್ತಾ ಇದೆ. ಶೀಟ್ ತೂತಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದೆ ವೈರ್ ಹಾದು ಹೋಗಿರೋ ಜಾಗ, ಬಾಗಿಲ ಹಿಂಜ್ ಹತ್ರ, ಸೀಟ್ ರೈಲ್ ಕೆಳಗೆ, ಪ್ಯಾನಲ್ ಸ್ಕ್ರೂ ಹೊಡೆದ ಕಡೆ, ಈ ನಾಲ್ಕು ಕಡೆ ಮೊದಲು ನೋಡಿ. ತಪ್ಪು ಸಿಗೋ ತನಕ ಆ ಲೈನ್‌ನ ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಳ್ಳಿ, ದೊಡ್ಡ ಆಂಪ್ಸ್‌ದು ಹಾಕಿ ಊರು ಸೇರೋ ಯೋಚ್ನೆ ಬೇಡ, ಐಸ್ ಬಾಕ್ಸ್‌ನಲ್ಲಿ ಹಾಲಿಟ್ಕೊಂಡು ಒಂದು ದಿನ ಫ್ರಿಜ್ ಇಲ್ಲದೆ ಹೋಗಬಹುದು.